ದೂರವಾಣಿನಗರ: ಎರವಲು ಯಂತ್ರ, ಬಳಕೆಯ ರೂಢಿ

ಊರಿನ ಹೆಸರುಗಳು ಕೆರೆ, ಮರ, ದೇವರುಗಳಿಂದ ಹುಟ್ಟುವ ನಾಡಿನಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರವು ಕಾರ್ಖಾನೆಯಿಂದ ಹೆಸರು ಪಡೆದುದು ಗಮನಾರ್ಹ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯ ಚರಿತ್ರೆಯನ್ನು ವಿದೇಶಿ ಒಪ್ಪಂದಗಳ ಸರಣಿಯಾಗಿ ನೋಡುವುದು ವಾಡಿಕೆ. ಆದರೆ ಅಲ್ಲಿನ ನಾವೀನ್ಯವು ಒಪ್ಪಂದಗಳಿಗಿಂತ ಹೆಚ್ಚಾಗಿ, ತಂದ ಯಂತ್ರ ಇಲ್ಲಿನ ಜನರ ರೂಢಿಗೆ ಒಗ್ಗದ ಸಂದರ್ಭದಲ್ಲಿ ಹುಟ್ಟಿತೆಂಬುದು ಈ ಲೇಖಕನ ಅಭಿಪ್ರಾಯ.

ಸಂಸ್ಥೆಯು ಮೊದಲು ಲಿವರ್‌ಪೂಲಿನ ಕಂಪನಿಯೊಂದರ ಸಹಯೋಗದಲ್ಲಿ ಸ್ಟ್ರೌಜರ್ ಮಾದರಿಯ ವಿನಿಮಯ ಕೇಂದ್ರಗಳನ್ನು ತಯಾರಿಸಿತು. ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಸ್ಟ್ರೌಜರ್, ತನ್ನ ಗಿರಾಕಿಗಳ ಕರೆಗಳನ್ನು ಆಪರೇಟರ್ ಆಗಿದ್ದ ಪ್ರತಿಸ್ಪರ್ಧಿಯ ಹೆಂಡತಿ ಬೇರೆಡೆಗೆ ತಿರುಗಿಸುತ್ತಿದ್ದುದಕ್ಕೆ ಮುನಿದು ಈ ಯಂತ್ರ ಕಂಡುಹಿಡಿದನೆಂಬುದು ಐತಿಹ್ಯ. 1891ರ ಪೇಟೆಂಟ್ ಚರಿತ್ರೆ. ಇದರಲ್ಲಿ ಚಲಿಸುವ ಭಾಗಗಳು ಹೇರಳ. ರಿಲೇಗಳ ಸ್ಪ್ರಿಂಗುಗಳನ್ನು ನುರಿತ ಕೈಗಳೇ ಸರಿಹೊಂದಿಸಬೇಕಿತ್ತು. ಕುಂಬಾರನ ಮಣ್ಣಿಗೂ ಬೆಲ್ಲದ ಪಾಕಕ್ಕೂ ನಾವು ಬಳಸುವ ‘ಹದ’ ಎಂಬ ಮಾತೇ ಈ ಕೆಲಸಕ್ಕೂ ಸಲ್ಲುತ್ತದೆ. ನಮ್ಮ ವೃತ್ತಿಪದಕೋಶಗಳು ಕಾರ್ಖಾನೆಯ ಇಂಥ ಅರಿವಿನ ಕಡೆಗೆ ಅಷ್ಟಾಗಿ ನೋಡಿಲ್ಲ.

1964ರಲ್ಲಿ ಬೆಲ್ಜಿಯಂನ ಆಂಟ್‌ವರ್ಪಿನ ಬೆಲ್ ಟೆಲಿಫೋನ್ ಕಂಪನಿಯೊಡನೆ ಪೆಂಟಾಕಾಂಟಾ ಕ್ರಾಸ್‌ಬಾರ್ ತಂತ್ರಜ್ಞಾನಕ್ಕಾಗಿ ಒಪ್ಪಂದವಾಯಿತು. ಬಿಕ್ಕಟ್ಟು ಕಾಣಿಸಿಕೊಂಡುದು ಇಲ್ಲಿ. ಯುರೋಪಿನ ವಿನ್ಯಾಸವು ಪ್ರತಿ ಸಂಪರ್ಕದಿಂದಲೂ ಮಿತವಾದ ಕರೆಗಳನ್ನು ನಿರೀಕ್ಷಿಸಿತ್ತು. ಭಾರತದಲ್ಲಿಯಾದರೋ ಫೋನಿಗಾಗಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಒಂದು ಮನೆಯ ಫೋನು ಇಡೀ ಬೀದಿಗೆ ಒದಗುತ್ತಿತ್ತು. ವಿಳಾಸದ ಚೀಟಿಯಲ್ಲಿ ನೆರೆಮನೆಯ ಸಂಖ್ಯೆ ಬರೆದು ಪಕ್ಕದಲ್ಲಿ ‘ಪಿ.ಪಿ.’ ಎಂದು ಸೇರಿಸುವುದು ಸಾಮಾನ್ಯವಾಗಿತ್ತು. ಮಜ್ಜಿಗೆ, ಹೆಪ್ಪುಗಳಂತೆ ಫೋನೂ ನೆರೆಹೊರೆಯ ಎರವಲು ವಸ್ತುವಾಯಿತು. ಕರೆ ಸಿಗದವರು ಮತ್ತೆ ಮತ್ತೆ ಡಯಲ್ ಮಾಡಿದುದರಿಂದ ಹೊರೆ ಇನ್ನಷ್ಟು ಏರಿ ಕೇಂದ್ರಗಳು ತಡವರಿಸಿದವು. ದೂರಸಂಪರ್ಕ ಸಂಶೋಧನ ಕೇಂದ್ರ ಹಾಗೂ ಕಾರ್ಖಾನೆಯ ಎಂಜಿನಿಯರುಗಳು ಭಾರತೀಯ ಕ್ರಾಸ್‌ಬಾರ್ ಯೋಜನೆಯಡಿ ವಿನ್ಯಾಸವನ್ನು ತಿದ್ದಬೇಕಾಯಿತು. ಇದನ್ನು ಕೇವಲ ದುರಸ್ತಿಯೆಂದು ಕರೆಯುವುದು ಅನ್ಯಾಯ. ಜನರ ಬಳಕೆಯನ್ನೇ ಅಳತೆಗೋಲಾಗಿ ಒಪ್ಪಿಕೊಂಡ ಕ್ರಮವಿದು.

ಈ ಪಾಠದ ಮುಂದಿನ ಫಲ ಬೇರೆಡೆ ಕಾಣಿಸಿತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣವಿಲ್ಲದೆಯೂ ನಡೆಯಬಲ್ಲ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿ, 1986ರಲ್ಲಿ ಕಿತ್ತೂರಿನಲ್ಲಿ ಸ್ಥಾಪಿಸಿತು. ಧೂಳು, ಬಿಸಿಲುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದ ವಿನ್ಯಾಸವದು. ದೂರವಾಣಿನಗರದ ಪಾಲಿಗೆ ಮಾತ್ರ ಈ ಪರಿವರ್ತನೆ ಕಹಿಯಾಗಿತ್ತು. ವಿದ್ಯುನ್ಮಾನ ಕೇಂದ್ರಕ್ಕೆ ಬೇಕಾದ ಕೈಗಳು ಕಡಿಮೆ. ಬೆರಳ ತುದಿಯಲ್ಲಿ ಸ್ಪ್ರಿಂಗಿನ ಹದ ಅರಿತವರಿಗೆ ಅಲ್ಲಿ ಹದಗೊಳಿಸಲು ಸ್ಪ್ರಿಂಗುಗಳೇ ಇರಲಿಲ್ಲ.