ಪೋರ್ಟರನ ‘ಫೈರ್‌ಮನ್’ ಚಿತ್ರದ ಪಾಠಾಂತರವೂ ಚಲಚ್ಚಿತ್ರಗಳ ಪೂರ್ವಾಪರವಿರೋಧವೂ

ಹೋಮರನ ಈಲಿಯಡ್ ಮಹಾಕಾವ್ಯದ ಐದನೆಯ ಸರ್ಗದಲ್ಲಿ ಪೈಲಾಯ್ಮೆನೀಸನೆಂಬ ದೊರೆಯು ಮೆನೆಲಾಸನ ಈಟಿಗೆ ಗುರಿಯಾಗಿ ಮಡಿಯುತ್ತಾನೆ. ಹದಿಮೂರನೆಯ ಸರ್ಗದಲ್ಲಿ ಅದೇ ದೊರೆಯು ಹತನಾದ ಮಗನ ಶವದೊಡನೆ ಕಣ್ಣೀರಿಡುತ್ತ ನಡೆಯುತ್ತಾನೆ. ಸರ್ವಾಂಟೀಸನ ಡಾನ್ ಕ್ವಿಕ್ಸೋಟ್ ಗ್ರಂಥದ ೧೬೦೫ನೆಯ ಇಸವಿಯ ಪ್ರಥಮ ಮುದ್ರಣದಲ್ಲಿ ಸಾಂಕೋ ಪಾಂಜನ ಕತ್ತೆಯು ಕಳುವಾದ ಕಥೆಯನ್ನು ಹೇಳದೆಯೇ ಅದು ಇಲ್ಲವೆನ್ನಲಾಗಿದೆ; ಮರಳಿ ದೊರೆತ ಕಥೆಯನ್ನು ಹೇಳದೆಯೇ ಅದು ಇದೆಯೆಂದೂ ಆಗಿದೆ. ಹತ್ತು ವರ್ಷಗಳ ತರುವಾಯ, ಎಂದರೆ ೧೬೧೫ರಲ್ಲಿ, ಹೊರಬಂದ ಎರಡನೆಯ ಭಾಗದಲ್ಲಿ ಪಾತ್ರಗಳೇ ಈ ಪ್ರಮಾದವನ್ನೆತ್ತಿ ಚರ್ಚಿಸುವುವು. ಒಂದು ಕೃತಿಯಲ್ಲಿ ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ಹೊಂದಿಕೆಯಿಲ್ಲದಿರುವುದನ್ನು ಹುಡುಕಿ ತೆಗೆಯುವ ಹವ್ಯಾಸವು ಹೀಗೆ ಬಹು ಪುರಾತನವಾದುದು. ಚಲಚ್ಚಿತ್ರವೂ ದೂರದರ್ಶನವೂ ಹುಟ್ಟಿದ ಮೇಲೆ ಇದು ಲಕ್ಷಾಂತರ ಪ್ರೇಕ್ಷಕರ ವಿನೋದವಾಯಿತೆಂಬುದೇ ಹೊಸತು.

ನಮ್ಮ ಆಲಂಕಾರಿಕರಿಗೂ ಈ ದೋಷವು ಅಪರಿಚಿತವಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ಎಣಿಸಿದ ಹತ್ತು ದೋಷಗಳಲ್ಲಿ ‘ವ್ಯರ್ಥ’ವೆಂಬುದು ಪೂರ್ವಾಪರವಿರೋಧವೇ ಆಗಿದೆ, ದೇಶಕಾಲಾದಿಗಳಿಗೆ ವಿರುದ್ಧವಾಗಿ ನುಡಿಯುವುದು ಬೇರೊಂದು ದೋಷವೆಂದು ಆತನು ಪ್ರತ್ಯೇಕಿಸಿದ್ದಾನೆ. ಪ್ರಾಚೀನ ರೋಮಿನ ಕಥೆಯಲ್ಲಿ ಕೈಗಡಿಯಾರ ಕಂಡುಬಂದರೆ ಅದು ಕಾಲವಿರೋಧ. ಒಂದೇ ಮಾತುಕತೆಯ ನಡುವೆ ಬಟ್ಟಲಿನ ನೀರು ತಾನಾಗಿ ಏರಿ ಇಳಿದರೆ ಅದು ಪೂರ್ವಾಪರವಿರೋಧ. ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟುವ ಇಂದಿನ ಪಟ್ಟಿಗಾರರಿಗಿಂತ ದಂಡಿಯ ವಿಂಗಡಣೆಯು ಸೂಕ್ಷ್ಮವಾದುದು. ಮನಸ್ಸು ವ್ಯಾಕುಲವಾದ ಅವಸ್ಥೆಯಲ್ಲಿ ವಿರುದ್ಧಾರ್ಥವುಳ್ಳ ಮಾತೂ ಒಪ್ಪತಕ್ಕುದೇ ಎಂದು ಆತನು ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಈ ಪ್ರಕರಣದಲ್ಲಿ ದಂಡಿಯ ಹಾದಿಯನ್ನು ಬಹುಮಟ್ಟಿಗೆ ಹಿಡಿದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದಕ್ಕೆ ‘ದೋಷಾದೋಷಾನುವರ್ಣನನಿರ್ಣಯ’ವೆಂದೇ ಹೆಸರು. ದೋಷದ ಮಗ್ಗುಲಲ್ಲಿಯೇ ಅದೋಷದ ವಿಚಾರವೂ ಬರಬೇಕೆಂಬುದು ಅದರಿಂದ ವಿದಿತವಾಗುವುದು. ಚಲಚ್ಚಿತ್ರದ ಚರಿತ್ರೆಯಲ್ಲಿ ಆ ಎರಡನೆಯ ವಿಚಾರವನ್ನು ಮರೆತುದರಿಂದ ಒದಗಿದ ಒಂದು ದೀರ್ಘಕಾಲದ ಭ್ರಾಂತಿಯು ಇಲ್ಲಿ ವಿವೇಚನೆಗೆ ಯೋಗ್ಯವಾಗಿದೆ.

ಎಡ್ವಿನ್ ಎಸ್. ಪೋರ್ಟರ್ (೧೮೭೦–೧೯೪೧) ಎಂಬಾತನು ನ್ಯೂಯಾರ್ಕಿನ ಈಡನ್ ಮ್ಯೂಸೀ ಎಂಬ ಪ್ರದರ್ಶನಶಾಲೆಯಲ್ಲಿ ಚಿತ್ರಗಳನ್ನು ತೆರೆಯ ಮೇಲೆ ಬಿಡುವ ಕೆಲಸದಲ್ಲಿದ್ದು, ಆಮೇಲೆ ಎಡಿಸನ್ ಸಂಸ್ಥೆಯನ್ನು ಸೇರಿ ಚಿತ್ರಗಳನ್ನು ತೆಗೆಯತೊಡಗಿದನು. ೧೯೦೩ರ ಜನವರಿಯಲ್ಲಿ ಆ ಸಂಸ್ಥೆಯು ‘ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್’ ಎಂಬ ಆತನ ಚಿತ್ರವನ್ನು ಹೊರತಂದಿತು. ಬೆಂಕಿಯನ್ನಾರಿಸುವ ದಳದವನೊಬ್ಬನು ತೂಕಡಿಸುತ್ತ ತಾಯಿಮಕ್ಕಳ ಕನಸು ಕಾಣುವುದು, ಯಾರದೋ ಕೈ ಅಪಾಯಸೂಚಕ ಪೆಟ್ಟಿಗೆಯನ್ನು ಎಳೆಯುವುದು, ದಳದವರು ಹಾಸಿಗೆಯಿಂದೆದ್ದು ಕಂಬದ ಮೂಲಕ ಜಾರಿ ಇಳಿಯುವುದು, ಕುದುರೆಬಂಡಿಗಳು ಬೀದಿಯಲ್ಲಿ ಧಾವಿಸುವುದು, ಕಡೆಗೆ ಉರಿಯುವ ಮನೆಯಿಂದ ತಾಯಿಯನ್ನೂ ಮಗುವನ್ನೂ ಕಾಪಾಡುವುದು: ಇದಿಷ್ಟೇ ಕಥೆ. ಒಟ್ಟು ಒಂಬತ್ತು ದೃಶ್ಯಗಳು.

ವಿವಾದವಿರುವುದು ಕಡೆಯ ಎರಡು ದೃಶ್ಯಗಳಲ್ಲಿ. ಎಂಟನೆಯದು ಮನೆಯ ಒಳಗಿನ ನೋಟ. ಹೊಗೆ ತುಂಬಿದ ಕೋಣೆಯಲ್ಲಿ ಹೆಂಗಸು ಕಿಟಕಿಗೆ ಹೋಗಿ ಕೂಗಿಕೊಂಡು ಮೂರ್ಛೆ ಬೀಳುತ್ತಾಳೆ. ದಳದವನು ಬಾಗಿಲಿನಿಂದ ನುಗ್ಗಿ, ಕಿಟಕಿಯನ್ನೊಡೆದು, ಆಕೆಯನ್ನೆತ್ತಿಕೊಂಡು ಏಣಿಯ ಮೇಲೆ ಇಳಿದುಹೋಗುತ್ತಾನೆ. ಮರಳಿ ಬಂದು ಮಗುವನ್ನೂ ಒಯ್ಯುತ್ತಾನೆ. ಒಂಬತ್ತನೆಯದು ಹೊರಗಿನ ನೋಟ. ಇಲ್ಲಿ ಆ ಹೆಂಗಸು ಮತ್ತೆ ಕಿಟಕಿಯಲ್ಲಿ ನಿಂತು ಕೂಗಿಕೊಳ್ಳುತ್ತಾಳೆ, ಆತನು ಮತ್ತೆ ಮನೆಯನ್ನು ಹೊಗುತ್ತಾನೆ, ಆಕೆಯನ್ನು ಇಳಿಸುತ್ತಾನೆ, ಆಕೆ ಎಚ್ಚೆತ್ತು ಮಗುವಿಗಾಗಿ ಅಂಗಲಾಚಲು ಮತ್ತೆ ಹತ್ತಿ ಮಗುವನ್ನು ತರುತ್ತಾನೆ. ಒಂದೇ ರಕ್ಷಣೆಯು ಆದ್ಯಂತವಾಗಿ ಎರಡು ಸಲ ನಡೆಯುವುದು. ಇಂದಿನ ದೋಷಶೋಧಕನ ಪಟ್ಟಿಯಲ್ಲಿ ಇದಕ್ಕೆ ಅಗ್ರಸ್ಥಾನವೇ ದೊರೆಯುತ್ತಿತ್ತು.

ಆದರೆ ಬಹುಕಾಲ ವಿದ್ವಾಂಸರು ಬಲ್ಲ ಚಿತ್ರವು ಇದಾಗಿರಲಿಲ್ಲ. ೧೯೩೯ರಲ್ಲಿ ಅಮೆರಿಕದ ಚಲಚ್ಚಿತ್ರದ ಇತಿಹಾಸವನ್ನು ಬರೆದ ಲೂಯಿಸ್ ಜೇಕಬ್ಸನು ಎಡಿಸನ್ ಸಂಸ್ಥೆಯ ವಿಕ್ರಯಸೂಚಿಯಲ್ಲಿದ್ದ ವರ್ಣನೆಯನ್ನು ಆಧಾರವಾಗಿಟ್ಟುಕೊಂಡು, ಒಳಗಿನ ಮತ್ತು ಹೊರಗಿನ ನೋಟಗಳನ್ನು ಹೆಣೆಯುವ ಸಂಕಲನಕಲೆಯು ಪೋರ್ಟರನಿಂದ ಇಲ್ಲಿಯೇ ಆರಂಭವಾಯಿತೆಂದು ಪ್ರತಿಪಾದಿಸಿದನು. ಆ ಸೂಚಿಯ ಗದ್ಯವು ಸಂಗತಿಯನ್ನು ಒಂದೇ ಓಟದಲ್ಲಿ ಹೇಳಿಮುಗಿಸುವುದು. ಮಾತಿನಲ್ಲಿ ವರ್ಣಿಸುವವನು ಒಂದೇ ಕಾರ್ಯವನ್ನು ಎರಡು ಸಲ ಹೇಳುವುದುಂಟೆ? ೧೯೪೪ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ ಆಫ್ ಮಾಡರ್ನ್ ಆರ್ಟ್ ಸಂಸ್ಥೆಗೆ ದೊರೆತ ಪ್ರತಿಯು ಈ ಊಹೆಯನ್ನು ಸಿದ್ಧಾಂತವನ್ನಾಗಿ ಮಾಡಿತು. ಅದರಲ್ಲಿ ಎರಡು ದೃಶ್ಯಗಳೂ ಹಲವು ತುಂಡುಗಳಾಗಿ ಕತ್ತರಿಸಲ್ಪಟ್ಟು ಒಳಗು ಹೊರಗು ಒಂದಾದಮೇಲೊಂದರಂತೆ ಜೋಡಿಸಲ್ಪಟ್ಟಿದ್ದುವು. ಹೆಂಗಸು ಒಳಗೆ ಮೂರ್ಛೆಹೋದೊಡನೆ ಹೊರಗೆ ದಳದವನು ಮನೆಯೊಳಕ್ಕೆ ಓಡುವನು. ಒಳಗೆ ಕಿಟಕಿಯನ್ನು ದಾಟಿದೊಡನೆ ಹೊರಗೆ ಏಣಿಯಲ್ಲಿ ಇಳಿಯುವನು. ಪುನರುಕ್ತಿಯೆಂಬುದೇ ಇಲ್ಲ. ಗ್ರಿಫಿತನು ೧೯೦೯ರ ‘ದಿ ಲೋನ್ಲೀ ವಿಲ್ಲಾ’ ಮೊದಲಾದ ಚಿತ್ರಗಳಲ್ಲಿ ಬೆಳಸಿದ ವಿಧಾನವನ್ನು ಪೋರ್ಟರನು ಆರು ವರ್ಷ ಮೊದಲೇ ಕಂಡುಹಿಡಿದಿದ್ದನೆಂದು ಪಾಠಶಾಲೆಗಳಲ್ಲಿ ಬೋಧಿಸಲಾಯಿತು.

ಇದಕ್ಕೆ ಎದುರಾಗಿ ನಿಂತುದು ಒಂದು ಕಾಗದದ ಸುರುಳಿ. ೧೯೧೨ರ ವರೆಗೆ ಅಮೆರಿಕದ ಗ್ರಂಥಸ್ವಾಮ್ಯದ ಕಾನೂನಿನಲ್ಲಿ ಚಲಚ್ಚಿತ್ರವೆಂಬ ವರ್ಗವೇ ಇರಲಿಲ್ಲ. ಛಾಯಾಚಿತ್ರಗಳಿಗೆ ಮಾತ್ರ ರಕ್ಷಣೆಯಿತ್ತು. ಆದಕಾರಣ ತಯಾರಕರು ಚಿತ್ರದ ಒಂದೊಂದು ಚೌಕಟ್ಟನ್ನೂ ಉದ್ದನೆಯ ಛಾಯಾಗ್ರಹಣದ ಕಾಗದದ ಮೇಲೆ ಮುದ್ರಿಸಿ, ಅದನ್ನು ಸುರುಳಿ ಸುತ್ತಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಒಪ್ಪಿಸುತ್ತಿದ್ದರು. ಇಂತಹ ಮೂರು ಸಾವಿರಕ್ಕೂ ಮಿಕ್ಕ ಸುರುಳಿಗಳು ದಶಕಗಳ ಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿದ್ದುವು. ಮೂಲ ಫಿಲ್ಮುಗಳು ಬಹುಮಟ್ಟಿಗೆ ಉರಿದೋ ಕರಗಿಯೋ ಹೋದುವು, ಕಾಗದವು ಉಳಿಯಿತು. ೧೯೫೦ರ ದಶಕದಲ್ಲಿ ಕೆಂಪ್ ನೈವರ್ ಎಂಬಾತನು ಅವನ್ನು ಚೌಕಟ್ಟು ಚೌಕಟ್ಟಾಗಿ ಮತ್ತೆ ಫಿಲ್ಮಿಗೆ ಇಳಿಸಲಾರಂಭಿಸಿದನು. ಪೋರ್ಟರನ ಚಿತ್ರದ ಕಾಗದಪ್ರತಿಯಲ್ಲಿ ಕಡೆಯ ಎರಡು ದೃಶ್ಯಗಳು ಅಖಂಡವಾಗಿವೆ: ಮೊದಲು ಒಳಗಿನದೆಲ್ಲವೂ, ಅನಂತರ ಹೊರಗಿನದೆಲ್ಲವೂ.

ಎರಡು ಪಾಠಗಳಲ್ಲಿ ಯಾವುದು ಮೂಲವೆಂಬುದನ್ನು ನಿರ್ಣಯಿಸುವುದು ತೋರುವಷ್ಟು ಸುಲಭವಾಗಿರಲಿಲ್ಲ. ಹಕ್ಕಿನ ನೋಂದಣಿಗಾಗಿ ಕೆಲವು ಚಿತ್ರಗಳನ್ನು ಜೋಡಣೆಯಾಗುವ ಮೊದಲೇ ಒಪ್ಪಿಸುತ್ತಿದ್ದುದುಂಟು. ಆದುದರಿಂದ ಕಾಗದಪ್ರತಿಯು ಪೋರ್ಟರನ ಕಚ್ಚಾ ಸಾಮಗ್ರಿಯೇ ಹೊರತು ಸಿದ್ಧಕೃತಿಯಲ್ಲವೆಂದು ವಾದಿಸಲು ಅವಕಾಶವಿತ್ತು. ೧೯೭೯ರಲ್ಲಿ ಚಾರ್ಲ್ಸ್ ಮಸ್ಸರನೂ ಆಂದ್ರೆ ಗೋದ್ರೋವೂ ಈ ವಿಷಯವನ್ನೆತ್ತಿಕೊಂಡು ಕಾಗದಪ್ರತಿಯ ಪಕ್ಷವನ್ನು ಸ್ಥಾಪಿಸಿದರು. ಅವರ ಕೈಗೆ ಬಲವಾದುದು ಸಮಕಾಲೀನ ಪ್ರಯೋಗ. ಮೆಲಿಯೇಸನ ೧೯೦೨ರ ಚಂದ್ರಲೋಕಯಾತ್ರೆಯ ಚಿತ್ರದಲ್ಲಿ ಗುಂಡಿನ ವಾಹನವು ಚಂದ್ರನ ಕಣ್ಣಿಗೆ ನಾಟುವುದು. ಮುಂದಿನ ದೃಶ್ಯದಲ್ಲಿ ಅದೇ ವಾಹನವು ಚಂದ್ರನ ನೆಲದ ಮೇಲೆ ಎರಡನೆಯ ಸಲ ಬಂದಿಳಿಯುವುದು. ೧೯೦೩ರ ಡಿಸೆಂಬರಿನಲ್ಲಿ ಹೊರಬಂದ ಪೋರ್ಟರನದೇ ಆದ ‘ದಿ ಗ್ರೇಟ್ ಟ್ರೇನ್ ರಾಬರಿ’ಯಲ್ಲಿಯೂ ಕಳ್ಳರು ದೂರ ಪಲಾಯನ ಮಾಡಿದ ಮೇಲೆ ಕಥೆಯು ತಂತಿಯ ಕಛೇರಿಗೆ ಹಿಂದಿರುಗಿ ಕಾಲವು ಹಿಮ್ಮೆಟ್ಟುವುದು. ಜನವರಿಯಲ್ಲಿ ಸೂಕ್ಷ್ಮವಾದ ಹೆಣಿಗೆಯನ್ನು ಕಂಡುಕೊಂಡವನು ಡಿಸೆಂಬರಿನೊಳಗೆ ಅದನ್ನು ಮರೆತನೆನ್ನುವುದು ಯುಕ್ತಿಗೆ ಸಲ್ಲದು.

ಆ ಕಾಲದ ಪ್ರೇಕ್ಷಕನು ಮಾಯಾದೀಪದ ಉಪನ್ಯಾಸಗಳಲ್ಲಿ ಪಳಗಿದವನು. ಅಲ್ಲಿ ಒಂದು ಚಿತ್ರಫಲಕವೆಂದರೆ ಒಂದು ಪೂರ್ಣವಾದ ನೋಟ. ಒಂದೇ ಘಟನೆಯನ್ನು ಮೊದಲು ಒಂದು ಕಡೆಯಿಂದಲೂ ತರುವಾಯ ಇನ್ನೊಂದು ಕಡೆಯಿಂದಲೂ ತೋರಿಸುವುದು ಉದಾರತೆಯೆನಿಸುತ್ತಿತ್ತೇ ಹೊರತು ಪ್ರಮಾದವೆನಿಸುತ್ತಿರಲಿಲ್ಲ. ಬೇರೆ ದಾರಿಯೇ ತಿಳಿದಿರಲಿಲ್ಲವೆಂದೂ ಹೇಳುವಂತಿಲ್ಲ. ಇಂಗ್ಲೆಂಡಿನ ಜೇಮ್ಸ್ ವಿಲಿಯಮ್ಸನ್ನನ ‘ಫೈರ್!’ (೧೯೦೧) ಎಂಬ ಚಿತ್ರದಲ್ಲಿ ದಳದವನು ಮನುಷ್ಯನೊಬ್ಬನನ್ನು ಹೆಗಲಿಗೇರಿಸಿ ಕಿಟಕಿಯನ್ನು ಹೊಗುವಲ್ಲಿ ಒಳನೋಟವು ಮುಗಿದು, ಕಿಟಕಿಯಿಂದ ಹೊರಬರುವಲ್ಲಿ ಹೊರನೋಟವು ಆರಂಭವಾಗುವುದು. ಪೋರ್ಟರನು ಆ ಚಿತ್ರವನ್ನು ಬಲ್ಲವನೆಂಬುದು ಅನೇಕರ ಅಭಿಪ್ರಾಯ. ಹಾಗಿದ್ದಲ್ಲಿ ಆತನ ಪುನರುಕ್ತಿಯು ಅಜ್ಞಾನದ ಫಲವಲ್ಲ, ಆಯ್ಕೆಯೆಂದೇ ಹೇಳಬೇಕಾಗುವುದು. ಆತನನ್ನು ಗ್ರಿಫಿತನ ಮುಂಗೋಳಿಯನ್ನಾಗಿ ಮಾಡಹೊರಟ ಚರಿತ್ರಕಾರರು ಇಲ್ಲದ ಕೀರ್ತಿಯನ್ನು ಕೊಟ್ಟು ಇದ್ದ ಸ್ವಾತಂತ್ರ್ಯವನ್ನು ಕಸಿದುಕೊಂಡಂತಾಯಿತು.

ಹಾಗಾದರೆ ಹೆಣೆದ ಪ್ರತಿಯನ್ನು ಮಾಡಿದವರಾರು? ಪುನರುಕ್ತಿಯು ತಪ್ಪೆಂದು ಕಂಡ ಕಾಲದಲ್ಲಿ ಬದುಕಿದ ಯಾವನೋ ಒಬ್ಬನು ಕತ್ತರಿ ಹಿಡಿದು ಹಳೆಯ ಚಿತ್ರವನ್ನು ‘ತಿದ್ದಿದನು’. ಓಲೆಯ ಪ್ರತಿಗಳೊಡನೆ ವ್ಯವಹರಿಸುವ ನಮ್ಮ ವಿದ್ವಾಂಸರು ಈ ವ್ಯಕ್ತಿಯನ್ನು ಚೆನ್ನಾಗಿ ಬಲ್ಲರು: ತನಗೆ ಅರ್ಥವಾಗದ ಪದವನ್ನು ತೆಗೆದು ತಿಳಿಯುವ ಪದವನ್ನಿಡುವ, ಛಂದಸ್ಸು ಕೆಟ್ಟಿತೆಂದು ಮಾತ್ರೆಯನ್ನು ತುಂಬುವ ಜಾಣ ಲಿಪಿಕಾರನೇ ಈತ. ಕ್ಲಿಷ್ಟಪಾಠವನ್ನು ಸುಲಭಪಾಠವಾಗಿ ಮಾರ್ಪಡಿಸುವವರು ಬಹುಮಂದಿ, ಸುಲಭವನ್ನು ಕ್ಲಿಷ್ಟಮಾಡುವವರು ವಿರಳ. ಆದಕಾರಣ ಕ್ಲಿಷ್ಟಪಾಠವೇ ಗ್ರಾಹ್ಯವೆಂಬ ಗ್ರಂಥಸಂಪಾದನೆಯ ನ್ಯಾಯವು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಡ್ಡೊಡ್ಡಾಗಿ ತೋರಿದ ಪ್ರತಿಯೇ ಪೋರ್ಟರನದು. ನಯವಾದ ಪ್ರತಿ ತಿದ್ದುಗಾರನದು. ದಡ್ಡ ಲಿಪಿಕಾರನಿಗಿಂತ ಜಾಣನೇ ಹೆಚ್ಚು ಅಪಾಯಕಾರಿಯೆಂಬ ಮಾತಿಗೆ ಚಲಚ್ಚಿತ್ರಗಳಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಪೂರ್ವಾಪರಸಂಗತಿಯು ನಿಯಮವೆನಿಸಿದುದು ಆಮೇಲಿನ ಮಾತು. ಚಿತ್ರಗಳು ದೀರ್ಘವಾಗಿ, ಖರ್ಚಿನ ದೃಷ್ಟಿಯಿಂದ ದೃಶ್ಯಗಳನ್ನು ಕಥಾಕ್ರಮವನ್ನು ಬಿಟ್ಟು ತೆಗೆಯತೊಡಗಿದ ಮೇಲೆ, ಬೆಳಗ್ಗೆ ಬಾಗಿಲ ಹೊರಗೆ ನಿಂತ ನಟನು ಮೂರು ವಾರಗಳ ತರುವಾಯ ಬಾಗಿಲೊಳಗೆ ಕಾಲಿಡುವಂತಾಯಿತು. ಅವನ ಅಂಗಿಯ ಗುಂಡಿಯೆಷ್ಟು ಬಿಚ್ಚಿತ್ತು, ಸಿಗರೇಟು ಎಷ್ಟು ಉದ್ದವಿತ್ತು, ಟೋಪಿ ಯಾವ ಕೈಯಲ್ಲಿತ್ತು ಎಂಬುದನ್ನೆಲ್ಲ ಬರೆದಿಡಲು ಪ್ರತ್ಯೇಕವಾದೊಂದು ವೃತ್ತಿಯು ಹುಟ್ಟಿತು. ಹಾಲಿವುಡ್ಡಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಸ್ತ್ರೀಯರೇ ನಿರ್ವಹಿಸಿದರು. ‘ಸ್ಕ್ರಿಪ್ಟ್ ಗರ್ಲ್’ ಎಂಬ ಸ್ವಲ್ಪ ಲಘುವಾದ ಹೆಸರು ಅವರಿಗೆ ಬಂದಿತು. ದಶಕಗಳ ಕಾಲ ಚಿತ್ರದ ನಾಮಾವಳಿಯಲ್ಲಿ ಅವರ ಹೆಸರುಗಳಿಗೆ ಸ್ಥಾನ ದೊರೆತುದೇ ಅಪೂರ್ವ. ತಪ್ಪಿದಾಗ ಮಾತ್ರ ಕಣ್ಣಿಗೆ ಬೀಳುವ ವಿದ್ಯೆಯ ಗತಿಯೇ ಹಾಗೆ.

ತಪ್ಪುಗಳು ಉಳಿಯದೆ ಇರಲಿಲ್ಲ. ಹಿಚ್‌ಕಾಕನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (೧೯೫೯) ಚಿತ್ರದ ಉಪಾಹಾರಗೃಹದ ದೃಶ್ಯದಲ್ಲಿ ನಾಯಿಕೆಯು ಪಿಸ್ತೂಲನ್ನು ಹಾರಿಸುವ ಮುನ್ನವೇ ಹಿಂದೆ ಕುಳಿತ ಬಾಲಕನು ಕಿವಿಗಳನ್ನು ಮುಚ್ಚಿಕೊಳ್ಳುತ್ತಾನೆ. ಇಂತಹವನ್ನು ಪ್ರೇಕ್ಷಕನು ತಾನಾಗಿ ಕಾಣುವುದು ಅಪರೂಪ. ಲೆವಿನ್ ಮತ್ತು ಸೈಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಬ್ಬರ ಸಂಭಾಷಣೆಯ ಚಿಕ್ಕ ಚಿತ್ರವೊಂದರಲ್ಲಿ ಬೇಕೆಂದೇ ಒಂಬತ್ತು ಅಸಂಗತಿಗಳನ್ನಿಟ್ಟು ತೋರಿಸಲು, ಹತ್ತು ಮಂದಿಯಲ್ಲಿ ಒಬ್ಬನೇ ಏನೋ ಒಂದನ್ನು ಗುರುತಿಸಿದನು. ಸಂಕಲನಕಾರ ವಾಲ್ಟರ್ ಮರ್ಚನು ಒಳ್ಳೆಯ ಜೋಡಣೆಯ ಗುಣಗಳಿಗೆ ಅಂಕಗಳನ್ನಿತ್ತು, ಭಾವಕ್ಕೆ ನೂರಕ್ಕೆ ೫೧ನ್ನೂ ಸ್ಥಳದ ಸಂಗತಿಗೆ ಕೇವಲ ೪ನ್ನೂ ಕೊಟ್ಟಿದ್ದಾನೆ. ದಂಡಿಯ ವಿನಾಯಿತಿಗೆ ಇದು ದೂರದ ನೆಂಟು.

೧೯೭೦ರ ದಶಕದಿಂದೀಚೆಗೆ ಮನೆಯಲ್ಲಿಯೇ ಚಿತ್ರವನ್ನು ನಿಲ್ಲಿಸಿ ಹಿಂದಿರುಗಿಸಿ ನೋಡುವ ಸಾಧನಗಳು ಬಂದುದರಿಂದ ಶೋಧಕರಿಗೆ ಕೈ ಬಂದಿತು. ಓಡುವ ಚಿತ್ರವು ಓದುವ ಗ್ರಂಥವಾಯಿತು. ಇದರಿಂದ ವಿಚಾರಶೀಲತೆ ಹೆಚ್ಚಿದಂತೆ ವದಂತಿಯೂ ಹೆಚ್ಚಿತು. ‘ದಿ ವಿಝರ್ಡ್ ಆಫ್ ಆಜ್’ (೧೯೩೯) ಚಿತ್ರದ ಕಾಡಿನ ಹಿನ್ನೆಲೆಯಲ್ಲಿ ನಟನೊಬ್ಬನು ನೇಣು ಹಾಕಿಕೊಂಡುದು ಕಾಣುವುದೆಂದು ಹಬ್ಬಿದ ಸುದ್ದಿಯು ಮಸುಕಾದ ವಿಡಿಯೋ ಪ್ರತಿಗಳ ಶಿಶು. ಸ್ಪಷ್ಟವಾದ ಪ್ರತಿಯಲ್ಲಿ ಅದು ರೆಕ್ಕೆಯನ್ನು ಬಿಚ್ಚುವ ದೊಡ್ಡದೊಂದು ಹಕ್ಕಿ. ಪ್ರತಿಯನ್ನು ಪರೀಕ್ಷಿಸದೆ ಪಾಠವನ್ನು ವ್ಯಾಖ್ಯಾನಿಸಿದವರಿಗೆ ಆಗುವ ಗತಿಯಿದು.

ರಿಡ್ಲಿ ಸ್ಕಾಟನ ‘ಬ್ಲೇಡ್ ರನ್ನರ್’ (೧೯೮೨) ಇನ್ನೂ ಕುತೂಹಲಕರವಾದುದು. ಕೃತಕಮಾನವರು ಆರು ಮಂದಿ ತಪ್ಪಿಸಿಕೊಂಡರು, ಒಬ್ಬನು ಸತ್ತನು ಎಂದು ಅಧಿಕಾರಿಯು ಹೇಳುತ್ತಾನೆ. ನಾಯಕನು ಅರಸುವುದು ಮಾತ್ರ ನಾಲ್ವರನ್ನು. ಮೇರಿಯೆಂಬ ಪಾತ್ರವನ್ನು ಕೈಬಿಟ್ಟ ಮೇಲೂ ಲೆಕ್ಕವನ್ನು ಸರಿಪಡಿಸದೆ ಹೋದುದೇ ಇದರ ಕಾರಣ. ಆದರೆ ವ್ಯಾಖ್ಯಾನಕಾರರು ಸುಮ್ಮನಿರಲಿಲ್ಲ. ಕಾಣೆಯಾದವನು ನಾಯಕನೇ ಎಂದರು. ಲೆಕ್ಕದ ತಪ್ಪಿನಿಂದ ಒಂದು ದರ್ಶನವೇ ಹುಟ್ಟಿತು! ೨೦೦೭ರ ಅಂತಿಮ ಪರಿಷ್ಕರಣದಲ್ಲಿ ಸತ್ತವರು ಇಬ್ಬರೆಂದು ಮಾತನ್ನು ಬದಲಾಯಿಸಲಾಗಿದೆ. ಪೋರ್ಟರನ ಪ್ರತಿಯನ್ನು ತಿದ್ದಿದವನಿಗೂ ಇವರಿಗೂ ಒಂದು ಭೇದವುಂಟು: ಇಲ್ಲಿ ತಿದ್ದಿದವನು ಕರ್ತೃವೇ, ಹಳೆಯ ಪಾಠಗಳನ್ನೂ ಜೊತೆಯಲ್ಲಿಯೇ ಪ್ರಕಟಿಸಲಾಯಿತು.

ಭಾರತದಲ್ಲಿ ಇಂತಹ ವಿಚಾರಕ್ಕೆ ಸಾಮಗ್ರಿಯೇ ಸಾಲದು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವು ೧೯೧೩ರ ಮೇ ೩ರಂದು ಮುಂಬಯಿಯಲ್ಲಿ ಸಾರ್ವಜನಿಕರೆದುರು ಬಂದಿತು; ೧೯೧೭ರಲ್ಲಿ ಅವರೇ ಅದೇ ಕಥೆಯನ್ನು ಎರಡನೆಯ ಸಲ ತೆಗೆದರು. ಇಂದು ಉಳಿದಿರುವ ಸುರುಳಿಗಳು ಎರಡನೆಯದಕ್ಕೆ ಸೇರಿದುವೆಂದು ಕೆಲವು ಚರಿತ್ರಕಾರರು ಅಭಿಪ್ರಾಯಪಟ್ಟಿದ್ದಾರೆ. ಇಂತಹ ಸಂದರ್ಭದಲ್ಲಿ ಒಂದು ಕಿರೀಟದ ಅಥವಾ ಒಂದು ಕಂಬದ ವ್ಯತ್ಯಾಸವು ವಿನೋದದ ವಸ್ತುವಾಗದೆ ಸಾಕ್ಷ್ಯವಾಗುವುದು. ೧೯೩೪ರ ಮಾರ್ಚಿಯಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ವೈ. ವಿ. ರಾವ್ ಅವರ ನಿರ್ದೇಶನ, ಸುಬ್ಬಯ್ಯನಾಯ್ಡು ಅವರ ಇಂದ್ರಜಿತು, ನಾಗೇಂದ್ರರಾಯರ ರಾವಣ ಇವೆಲ್ಲ ಪತ್ರಿಕೆಗಳಿಂದಲೂ ನೆನಪುಗಳಿಂದಲೂ ತಿಳಿದುಬರುತ್ತವೆ. ಅದರಲ್ಲಿ ಯಾವ ದೃಶ್ಯಕ್ಕೂ ಯಾವ ದೃಶ್ಯಕ್ಕೂ ವಿರೋಧವಿತ್ತೆಂದು ಬೆರಳಿಟ್ಟು ತೋರಿಸಲು, ಬೆರಳಿಡುವ ಪುಟವೇ ಇಲ್ಲ.