ಬಾಗಿಲಿಕ್ಕಿದ ಗಣಿಯೂರು

ವಾಚಕರೇ, ಕಳಸದಿಂದ ಸಂಸೆಯನ್ನು ದಾಟಿ ಘಟ್ಟದ ಹಾದಿ ಹಿಡಿದರೆ, ಕಾಡಿನ ನಡುವೆ ಬಾಗಿಲಿಕ್ಕಿದ ಮನೆಗಳ ಸಾಲನ್ನು ಕಾಣುವಿರಿ. ಇದು ಹಾಳು ಹಂಪೆಯಲ್ಲ. ನಮ್ಮ ಕಾಲದಲ್ಲೇ ಹುಟ್ಟಿದ ಕುದುರೆಮುಖ ಪಟ್ಟಣ.

ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಸ್ಥಾಪಿತವಾದದ್ದು 1976ರಲ್ಲಿ, ಇರಾನಿನ ಹಣವನ್ನು ನಂಬಿ. 1979ರಲ್ಲಿ ಅಲ್ಲಿ ಅರಸೊತ್ತಿಗೆ ಉರುಳಿತು, ಇರಾನ್ ಹಿಂದೆ ಸರಿಯಿತು. ಆದರೂ ಗಣಿ ನಡೆಯಿತು. ಪುಡಿಮಾಡಿದ ಅದಿರು ನೀರಿನೊಡನೆ ಬೆರೆತು, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಉಳಿದ ಕೆಸರಿಗೆ ಲಕ್ಯಾ ಅಣೆಕಟ್ಟೆ. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಯನ್ನೂ ಸೇರಿತು. ಜನ ಕೂಗೆಬ್ಬಿಸಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು.

ಹೊಳೆ ಉಳಿಯಿತೆಂದು ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೆ ಆ ಮನೆಗಳಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳು ಇಂದು ತವರಿಗೆ ಹೋಗುವುದಾದರೆ ಯಾವ ಊರಿಗೆ ಹೋಗಬೇಕು?