ಅನ್ನ ಕೊಟ್ಟವರು, ಹೆಸರು ಉಳಿಸಿದವರು



ಬಹ್ರೈನಿನ ಚರಿತ್ರೆ ಎಂದರೆ ಮುತ್ತು, ಆಮೇಲೆ ತೈಲ ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ 1914ರ ಅಕ್ಟೋಬರ್ ತಿಂಗಳಲ್ಲಿ ಈ ದ್ವೀಪದ ಎದುರಿನ ಕಡಲಲ್ಲಿ ಭಾರತೀಯ ಸಿಪಾಯಿಗಳನ್ನು ತುಂಬಿಕೊಂಡ ಹಡಗುಗಳು ಲಂಗರು ಹಾಕಿ ಕಾಯುತ್ತಿದ್ದವು. ತುರ್ಕಿ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇಳಿದ ಕೂಡಲೇ ಹಡಗುಗಳು ಉತ್ತರಕ್ಕೆ ಸಾಗಿದವು. ನವೆಂಬರ್ 6ರಂದು ಸಿಪಾಯಿಗಳು ಇರಾಕಿನ ಫಾವ್ ಎಂಬಲ್ಲಿ ಇಳಿದರು, ಅದೇ ತಿಂಗಳು ಬಸ್ರಾ ಅವರ ಕೈವಶವಾಯಿತು. ನಮ್ಮ ಹಿರಿಯರು ‘ದ್ವಾರಕಾ’ ಹಡಗಿನಲ್ಲಿ ಮುಂಬಯಿಯಿಂದ ಇಲ್ಲಿಗೆ ಬಂದು ಇಳಿದ ದಾರಿಯೂ ಇದೇ ಮುಂಬಯಿ-ಬಸ್ರಾ ಜಲಮಾರ್ಗ.

ಆ ಸಿಪಾಯಿಗಳು ಹೋದ ದಾರಿಯಲ್ಲೇ ಆರ್ಮೇನಿಯನ್ನರು ಅವರಿಗೆ ಎದುರಾದರು. ಆರ್ಮೇನಿಯನ್ನರ ಕಥೆಗೂ ಕನ್ನಡಿಗರಾದ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ದಾರಿಯೇ ನಮ್ಮ ಮೊದಲ ಉತ್ತರ. ಎರಡನೆಯ ಉತ್ತರ ಲೇಖನದ ಕೊನೆಗೆ ಬರುತ್ತದೆ.

1915ರಲ್ಲಿ ಒಟ್ಟೋಮನ್ ಸರ್ಕಾರ ತನ್ನ ಆರ್ಮೇನಿಯನ್ ಪ್ರಜೆಗಳನ್ನು ಮನೆಮಠಗಳಿಂದ ಹೊರದಬ್ಬಿ ಸಿರಿಯಾದ ಮರಳುಗಾಡಿನ ಕಡೆಗೆ ನಡೆಸಿತು. ಗಂಡಸರನ್ನು ಬೇರ್ಪಡಿಸಿ ಕೊಂದರು. ಹೆಂಗಸರು, ಮಕ್ಕಳು ಹಸಿವಿನಿಂದ, ರೋಗದಿಂದ, ದಾರಿಗಳ್ಳರಿಂದ ಸತ್ತರು. ಸತ್ತವರು ಹತ್ತು ಲಕ್ಷಕ್ಕೂ ಮಿಕ್ಕಿದರೆಂದು ಹೆಚ್ಚಿನ ಇತಿಹಾಸಕಾರರ ಎಣಿಕೆ. ಇದನ್ನು ಹೆಚ್ಚಿನ ಇತಿಹಾಸಕಾರರು ಇಂದು ನರಮೇಧ ಎಂದು ಕರೆಯುತ್ತಾರೆ. ತುರ್ಕಿ ಸರ್ಕಾರ ಆ ಪದವನ್ನು ಒಪ್ಪುವುದಿಲ್ಲ.

ಇತ್ತ 1916ರ ಏಪ್ರಿಲ್ 29ರಂದು ಇರಾಕಿನ ಕೂತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಬ್ರಿಟಿಷ್ ಇಂಡಿಯಾ ಸೈನ್ಯ ಶರಣಾಯಿತು. ಸೆರೆಯಾದ ಭಾರತೀಯರಲ್ಲಿ ಅನೇಕರನ್ನು ಸಿರಿಯಾದ ರಾಸ್ ಅಲ್-ಐನ್ ಎಂಬಲ್ಲಿಗೆ ರೈಲುದಾರಿ ಹಾಕುವ ಕೂಲಿಗೆ ಕಳುಹಿಸಿದರು. ಗಡೀಪಾರಾದ ಆರ್ಮೇನಿಯನ್ನರನ್ನು ತಂದು ಗುಡ್ಡೆಹಾಕಿದ ಜಾಗಗಳಲ್ಲಿ ಅದೂ ಒಂದು! ಬಂಗಾಳದ ಆಂಬುಲೆನ್ಸ್ ದಳದಲ್ಲಿದ್ದ ಶಿಶಿರ್ ಪ್ರಸಾದ್ ಸರ್ವಾಧಿಕಾರಿ ಎಂಬ ತರುಣ ಅಲ್ಲಿ ಕಂಡುದನ್ನು ಬರೆದಿಟ್ಟುಕೊಂಡರು. 1957ರಲ್ಲಿ ಅದು ‘ಅಭಿ ಲೇ ಬಾಗ್ದಾದ್’ ಎಂಬ ಬಂಗಾಳಿ ಪುಸ್ತಕವಾಯಿತು. ತಾವೇ ಸೆರೆಯಾಳುಗಳಾಗಿ ಅರೆಹೊಟ್ಟೆಯಲ್ಲಿದ್ದವರು ತಮಗಿಂತ ದುಸ್ಥಿತಿಯಲ್ಲಿದ್ದವರನ್ನು ಕಂಡ ದಾಖಲೆ ಅದು.

ಕನ್ನಡನಾಡಿನವರೂ ಅಲ್ಲಿಗೆ ಮುಟ್ಟಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆಲ್ಲುವುದರಲ್ಲಿ ಪಾಲುಗೊಂಡ ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಯ ಹೆಸರು ನಮಗೆ ಗೊತ್ತು. ದೆಹಲಿಯ ತೀನ್ ಮೂರ್ತಿಯಲ್ಲಿ ಅವರ ನೆನಪಿನ ಪ್ರತಿಮೆಯಿದೆ. ಅದೇ ಪಡೆ ಮುಂದುವರಿದು ಅಕ್ಟೋಬರ್ 26ರಂದು ಅಲೆಪ್ಪೊ ನಗರದ ಉತ್ತರಕ್ಕಿರುವ ಹರಿತಾನ್ ಬಳಿ ಜೋಧಪುರದವರೊಡನೆ ಸೇರಿ ಹೋರಾಡಿತೆಂಬುದು ಅಷ್ಟಾಗಿ ತಿಳಿದಿಲ್ಲ. ಆ ಅಲೆಪ್ಪೊ ಆಗ ಬದುಕುಳಿದ ಆರ್ಮೇನಿಯನ್ನರ ದೊಡ್ಡ ತಂಗುದಾಣವಾಗಿತ್ತು.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಆ ಮಕ್ಕಳನ್ನು ಉಳಿಸಿದವರು ಯಾರು? ಹೇಗೆ ಉಳಿಸಿದರು?

ಮೊದಲಿಗೆ ನೆನೆಯಬೇಕಾದವರು ಅರಬರು. ಎಷ್ಟೋ ಬೆದೂಯಿನ್ ಡೇರೆಗಳಲ್ಲಿ, ಹಳ್ಳಿಮನೆಗಳಲ್ಲಿ ಆರ್ಮೇನಿಯನ್ ಮಕ್ಕಳಿಗೆ ರೊಟ್ಟಿ ಸಿಕ್ಕಿತು. ಹಿಜರಿ 1336ರಲ್ಲಿ, ಅಂದರೆ ಕ್ರಿ.ಶ. 1918ರಲ್ಲಿ, ಮೆಕ್ಕಾದ ಷರೀಫ್ ಹುಸೇನ್ ತಮ್ಮವರಿಗೆ ಪತ್ರ ಬರೆದು, ನಿಮ್ಮನ್ನು, ನಿಮ್ಮ ಮಕ್ಕಳನ್ನು ಹೇಗೋ ಹಾಗೆಯೇ ಆರ್ಮೇನಿಯನ್ನರನ್ನೂ ಕಾಪಾಡಿರಿ ಎಂಬರ್ಥದ ಆಜ್ಞೆ ಕೊಟ್ಟರು. ಹಾಗೆಂದು ಡೇರೆ ಸೇರಿದವರೆಲ್ಲ ಸುಖವಾಗಿದ್ದರೆಂದಲ್ಲ. ಕೆಲವರು ಮನೆಮಕ್ಕಳಾದರು, ಕೆಲವರು ಆಳುಗಳಾದರು. ಒಲ್ಲದ ಮದುವೆಗೆ ಕೊರಳೊಡ್ಡಿದ ಹುಡುಗಿಯರೂ ಇದ್ದರು.

ಅನ್ನ ಕೊಡುವುದು ಮತ್ತು ಮಗುವನ್ನು ಉಳಿಸುವುದು ಎರಡೂ ಒಂದೇ ಅಲ್ಲ. ಲೆಬನಾನಿನ ಅಂತೂರಾ ಎಂಬಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನ ಫ್ರೆಂಚ್ ಪಾದ್ರಿಗಳ ಕಾಲೇಜನ್ನು ವಶಪಡಿಸಿಕೊಂಡ ಜೆಮಾಲ್ ಪಾಷಾ ಅಲ್ಲೊಂದು ಅನಾಥಾಲಯ ತೆರೆದ. ಆರ್ಮೇನಿಯನ್ ಮತ್ತು ಕುರ್ದ್ ಮಕ್ಕಳು ಸೇರಿ ಸುಮಾರು ಸಾವಿರ ಮಂದಿ. ಊಟವಿತ್ತು, ಸೂರಿತ್ತು, ಪಾಠವೂ ಇತ್ತು. ಆದರೆ ಪ್ರತಿ ಮಗುವಿಗೂ ಒಂದು ತುರ್ಕಿ ಹೆಸರು, ಒಂದು ನಂಬರು! ಆರ್ಮೇನಿಯನ್ ಮಾತಾಡಿದರೆ ಏಟು. ಅಲ್ಲಿದ್ದ ಕರ್ನಿಗ್ ಪನಿಯಾನ್ ಎಂಬ ಹುಡುಗನ ನಂಬರು 551. ಮುಂದೆ ಬೈರೂತಿನಲ್ಲಿ ಆರ್ಮೇನಿಯನ್ ಶಾಲೆಯ ಅಧ್ಯಾಪಕರಾಗಿ ಬಾಳಿದ ಅವರು ಮುಪ್ಪಿನಲ್ಲಿ ತಮ್ಮ ನೆನಪುಗಳನ್ನು ಬರೆದರು. ಬರೆದದ್ದು ತಮ್ಮಿಂದ ಕಸಿದುಕೊಂಡಿದ್ದ ಆ ಆರ್ಮೇನಿಯನ್ ಭಾಷೆಯಲ್ಲೇ! 1918ರಲ್ಲಿ ತುರ್ಕಿ ಸೈನ್ಯ ಹಿಂದೆ ಸರಿದ ಮೇಲೆ ಅನಾಥಾಲಯ ಅಮೆರಿಕದ ಪರಿಹಾರ ಸಂಸ್ಥೆಯವರ ಕೈಗೆ ಬಂತು. ಅವರು ಮಕ್ಕಳಿಗೆ ಅವರವರ ಹೆಸರು ಮರಳಿಸಿದರು.

‘ನಿಯರ್ ಈಸ್ಟ್ ರಿಲೀಫ್’ ಎಂಬ ಈ ಸಂಸ್ಥೆ 1915ರಲ್ಲಿ ಹುಟ್ಟಿದ್ದು. 1930ರವರೆಗೆ ಅದು ಕೂಡಿಸಿದ ನೆರವು 11 ಕೋಟಿ ಡಾಲರಿಗೂ ಹೆಚ್ಚು. ಸಾಕಿದ ಅನಾಥರು ಸುಮಾರು 1,32,000. ಇಷ್ಟೊಂದು ಹಣ ಶ್ರೀಮಂತರ ಗಂಟಿನಿಂದಷ್ಟೇ ಬರಲಿಲ್ಲ. ಶಾಲೆಯ ಮಕ್ಕಳು, ಚರ್ಚುಗಳು, ಸಾಮಾನ್ಯ ಗೃಹಿಣಿಯರು ಪುಡಿಗಾಸು ಕೂಡಿಸಿದರು. 1923ರ ಡಿಸೆಂಬರಿನಲ್ಲಿ ಒಂದು ಭಾನುವಾರದ ವ್ರತ ಶುರುವಾಯಿತು. ಆ ದಿನ ಮನೆಮಂದಿಯೆಲ್ಲ ಅನಾಥಾಲಯದ ಸಪ್ಪೆ ಊಟವನ್ನೇ ಉಂಡು, ಉಳಿದ ಖರ್ಚನ್ನು ಮಕ್ಕಳಿಗೆ ಕಳುಹಿಸಬೇಕು. ನಮ್ಮಲ್ಲಿ ವಾರಾನ್ನ ಎಂಬುದಿತ್ತಲ್ಲ, ಬಡ ವಿದ್ಯಾರ್ಥಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಊಟ, ಅದರ ದೂರದ ನೆಂಟನೇ ಇದು! ಹನಿಗೂಡಿ ಹಳ್ಳವಾಯಿತು.

ಹಳ್ಳದ ನೀರು ಹರಿದದ್ದು ಎಲ್ಲಿಗೆ? ಮಕ್ಕಳಿಗೆ ಚಮ್ಮಾರಿಕೆ, ಬಡಗಿತನ, ಹೊಲಿಗೆ, ನೇಯ್ಗೆ ಕಲಿಸಿದರು. ಲೆಬನಾನಿನ ಗಜೀರ್ ಅನಾಥಾಲಯದಲ್ಲಿ ಸುಮಾರು 400 ಹುಡುಗಿಯರು 44 ಲಕ್ಷಕ್ಕೂ ಮಿಕ್ಕಿ ಗಂಟುಗಳ ಒಂದು ರತ್ನಗಂಬಳಿ ನೇಯ್ದರು. 1925ರಲ್ಲಿ ಅದನ್ನು ಅಮೆರಿಕದ ಅಧ್ಯಕ್ಷ ಕೂಲಿಜ್ ಅವರಿಗೆ ಉಡುಗೊರೆಯಾಗಿ ಕೊಟ್ಟರು. ಉಂಡ ಅನ್ನಕ್ಕೆ ತಮ್ಮ ಕಸುಬಿನಿಂದಲೇ ಹೇಳಿದ ಕೃತಜ್ಞತೆ ಅದು. ಬಹುಕಾಲ ಮರೆಯಲ್ಲಿದ್ದ ಆ ಕಂಬಳಿಯನ್ನು 2014ರಲ್ಲಿ ಮತ್ತೆ ಸಾರ್ವಜನಿಕ ಪ್ರದರ್ಶನಕ್ಕೆ ಇಟ್ಟರು.

ಇನ್ನೊಬ್ಬ ಮಹಾತಾಯಿ ಡೆನ್ಮಾರ್ಕಿನ ಕಾರೆನ್ ಯೆಪ್ಪೆ. 1903ರಿಂದ ಉರ್ಫಾ ಪಟ್ಟಣದ ಅನಾಥಾಲಯದಲ್ಲಿ ದುಡಿದ ಈಕೆ ನರಮೇಧದ ದಿನಗಳಲ್ಲಿ ಆರ್ಮೇನಿಯನ್ನರನ್ನು ತಮ್ಮ ಮನೆಯಲ್ಲೇ ಬಚ್ಚಿಟ್ಟಿದ್ದರು. 1921ರಲ್ಲಿ ಅಲೆಪ್ಪೊಗೆ ಬಂದು, ಲೀಗ್ ಆಫ್ ನೇಷನ್ಸ್ ಪರವಾಗಿ, ಡೇರೆಗಳಲ್ಲಿ ಹಂಚಿಹೋಗಿದ್ದ ಹೆಂಗಸರನ್ನೂ ಮಕ್ಕಳನ್ನೂ ಹುಡುಕಿ ತರುವ ಕೆಲಸಕ್ಕೆ ನಿಂತರು. ಹಾಜಿಮ್ ಪಾಷಾ ಎಂಬ ಬೆದೂಯಿನ್ ಶೇಖನ ಸ್ನೇಹ ಸಂಪಾದಿಸಿ ಅವನ ನೆಲದಲ್ಲಿ ಆರ್ಮೇನಿಯನ್ ರೈತರ ಹಳ್ಳಿಗಳನ್ನೂ ಎಬ್ಬಿಸಿದರು. 1935ರಲ್ಲಿ ಅಲೆಪ್ಪೊದಲ್ಲೇ ತೀರಿಕೊಂಡರು.

ಯೆಪ್ಪೆಯವರ ಆಶ್ರಯಧಾಮಕ್ಕೆ ಬಂದು ಸೇರಿದ ಪ್ರತಿಯೊಬ್ಬರಿಗೂ ದಾಖಲೆ ಪುಸ್ತಕದಲ್ಲಿ ಒಂದು ಪುಟ. ಹೆಸರು, ತಂದೆತಾಯಿಯ ಹೆಸರು, ಊರು, ಬಂದ ದಿನ, ನಡೆದುಬಂದ ಕಥೆ, ಒಂದು ಭಾವಚಿತ್ರ. ಹೀಗೆ ಸುಮಾರು 1,700 ಮಂದಿಯ ವಿವರ ಇಂದಿಗೂ ಜಿನೀವಾದಲ್ಲಿದೆ. ದಿನವಿಡೀ ಡೇಟಾಬೇಸ್ ನೋಡುವ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಅಂತೂರಾದಲ್ಲೂ ಪಟ್ಟಿಯಿತ್ತು, ಅಲೆಪ್ಪೊದಲ್ಲೂ ಪಟ್ಟಿಯಿತ್ತು. ಒಂದು ಹೆಸರನ್ನು ಅಳಿಸಿ ನಂಬರು ಬರೆಯಿತು, ಇನ್ನೊಂದು ಕಳೆದುಹೋದ ಹೆಸರನ್ನು ಹುಡುಕಿ ಬರೆಯಿತು. ಮಗುವನ್ನು ಅದರ ಬಂಧುಗಳಿಗೆ ಸೇರಿಸಲು ಸಾಧ್ಯವಿದ್ದದ್ದು ಈ ಎರಡನೆಯ ಪಟ್ಟಿಯಿಂದ ಮಾತ್ರ.

ನಮ್ಮ ಕೊಲ್ಲಿಯ ಕಡೆಗೂ ಈ ಕಥೆ ಬಂತು. 1918ರಲ್ಲಿ ವಾನ್ ಪ್ರಾಂತದಿಂದ ಇರಾನ್ ಮೂಲಕ ಓಡಿಬಂದ ಸಾವಿರಾರು ಆರ್ಮೇನಿಯನ್ನರನ್ನೂ ಅಸ್ಸೀರಿಯನ್ನರನ್ನೂ ಬ್ರಿಟಿಷರು ಬಾಗ್ದಾದಿನ ಹತ್ತಿರದ ಬಕೂಬಾ ಶಿಬಿರದಲ್ಲಿ ಇಟ್ಟರು. 1920ರಲ್ಲಿ ಆರ್ಮೇನಿಯನ್ನರನ್ನು ಬಸ್ರಾ ಬಳಿಯ ನಹ್ರ್ ಉಮರ್‌ಗೆ ಸಾಗಿಸಿದರು. ಆ ಶಿಬಿರ ಮುಚ್ಚಿದಾಗ ಅಲ್ಲಿನ ಅನಾಥ ಮಕ್ಕಳು ಜೆರುಸಲೇಮಿನ ಆರ್ಮೇನಿಯನ್ ಮಠದ ಆಸರೆಗೆ ಹೋದರು. 1924ರಲ್ಲಿ ಜೆರುಸಲೇಮಿಗೆ ಬಂದ ಇಥಿಯೋಪಿಯದ ರಾಸ್ ತಫಾರಿ, ಅಂದರೆ ಮುಂದಿನ ಚಕ್ರವರ್ತಿ ಹೈಲೆ ಸೆಲಾಸಿ, ಅನಾಥ ಹುಡುಗರ ವಾದ್ಯಮೇಳ ಕೇಳಿ ಮೆಚ್ಚಿ 40 ಹುಡುಗರನ್ನು ತಮ್ಮ ನಾಡಿಗೆ ಕರೆದೊಯ್ದರು. ಅವರೇ ಅರಮನೆಯ ಬ್ಯಾಂಡ್ ಆದರು. ಅವರ ಗುರು ಕೆವೋರ್ಕ್ ನಲ್ಬಂದಿಯಾನ್ ಸ್ವರ ಹಾಕಿದ ಗೀತೆ ಆ ಅರಸೊತ್ತಿಗೆಯ ಕೊನೆಯವರೆಗೂ ಇಥಿಯೋಪಿಯದ ರಾಷ್ಟ್ರಗೀತೆಯಾಗಿತ್ತು!

ಭಾರತವೂ ಆರ್ಮೇನಿಯನ್ನರಿಗೆ ಹೊಸದೇನಲ್ಲ. ಜಗತ್ತಿನ ಮೊತ್ತಮೊದಲ ಆರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಅಚ್ಚಾದದ್ದು ನಮ್ಮ ನೆರೆಯ ಮದ್ರಾಸಿನಲ್ಲಿ. ಊರು ಬಿಟ್ಟು ಬಂದ ಕೆಲವೇ ಮಂದಿಗಾಗಿ, ಊರು ಬಿಟ್ಟು ಬಂದ ಪಾದ್ರಿಯೊಬ್ಬರು ನಡೆಸಿದ ಪತ್ರಿಕೆ. ನಮ್ಮ ಈ ಇ-ಮೇಲ್ ಪತ್ರಿಕೆಯ ಪೂರ್ವಜ ಎಂದು ಕರೆದರೆ ತಪ್ಪಾಗದು! ಕಲ್ಕತ್ತೆಯಲ್ಲಿ 1821ರಲ್ಲಿ ಅವರೇ ಚಂದಾ ಕೂಡಿಸಿ ಕಟ್ಟಿದ ಶಾಲೆ ಇರಾನಿನಿಂದ, ಆರ್ಮೇನಿಯದಿಂದ ಬಂದ ಎಷ್ಟೋ ಪೀಳಿಗೆಯ ಮಕ್ಕಳಿಗೆ ಊಟ, ವಸತಿ, ತಾಯ್ನುಡಿ ಮೂರನ್ನೂ ಕೊಟ್ಟಿದೆ.

ಕರ್ನಾಟಕದಲ್ಲಿ ಇಂಥದೇ ಉದಾಹರಣೆ ಬೈಲಕುಪ್ಪೆ. ಟಿಬೆಟನ್ನರು ನೆಲೆ ತಪ್ಪಿ ಬಂದಾಗ ಅಂದಿನ ಮೈಸೂರು ಸರ್ಕಾರ 1960ರಲ್ಲಿ ಅಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಆಮೇಲೆ ಮುಂಡಗೋಡ, ಕೊಳ್ಳೇಗಾಲದ ಕಡೆಗೂ ಅವರ ನೆಲೆಗಳಾದವು. ಮುಸುಕಿನ ಜೋಳ ಬೆಳೆಯುತ್ತ, ಸಂತೆಯಲ್ಲಿ ಕನ್ನಡ ಕಲಿಯುತ್ತ, ಶಾಲೆಯಲ್ಲಿ ತಮ್ಮ ಲಿಪಿ ಉಳಿಸಿಕೊಂಡು ಅವರು ಬಾಳಿದ್ದಾರೆ. ಅವರ ಮಕ್ಕಳ ಹೆಸರು ಬದಲಿಸಿರೆಂದು ಯಾರೂ ಕೇಳಲಿಲ್ಲ. ಅದು ನಮ್ಮ ನಾಡಿನ ಹಿರಿಮೆ.

ಇನ್ನು ನಾವು ಬಾಕಿಯಿಟ್ಟ ಎರಡನೆಯ ಉತ್ತರ. 1990ರ ಆಗಸ್ಟಿನಲ್ಲಿ ಕುವೈತಿನಿಂದ ಓಡಿದ ಭಾರತೀಯರಲ್ಲಿ ಮಂಗಳೂರು, ಉಡುಪಿಯ ಸಂಸಾರಗಳೂ ಇದ್ದವು. ಅಮ್ಮಾನಿನಿಂದ ವಿಮಾನಗಳು 1.7 ಲಕ್ಷದಷ್ಟು ಜನರನ್ನು ಮನೆಗೆ ಮುಟ್ಟಿಸಿದವು. ನಮಗೆ ಮರಳಲು ಒಂದು ಊರಿತ್ತು. 2023ರ ಸೆಪ್ಟೆಂಬರಿನಲ್ಲಿ ನಗೋರ್ನೊ-ಕರಬಾಖ್ ತೊರೆದ ಒಂದು ಲಕ್ಷಕ್ಕೂ ಮಿಕ್ಕಿದ ಆರ್ಮೇನಿಯನ್ನರು ಬಿಟ್ಟು ಬಂದದ್ದು ಆ ಊರನ್ನೇ. 1990ರ ದಶಕದಲ್ಲಿ ಅದೇ ನೆಲದ ಜಗಳದಲ್ಲಿ ಲಕ್ಷಾಂತರ ಅಜರ್‌ಬೈಜಾನಿಗಳೂ ಮನೆ ಕಳೆದುಕೊಂಡಿದ್ದರೆಂಬುದನ್ನು ಮರೆಯಬಾರದು. ಮಗುವಿನ ಹಸಿವಿಗೆ ಪಕ್ಷವಿಲ್ಲ.

ಹೊರನಾಡಿನ ನಾವು ದಾನಕ್ಕೆ ಹಿಂದೆ ಬಿದ್ದವರಲ್ಲ. ನೆರೆ ಬಂದಾಗ, ಭೂಕಂಪವಾದಾಗ ಅಕ್ಕಿ, ಕಂಬಳಿ, ಹಣ ಕೂಡಿಸುತ್ತೇವೆ. ಅದು ಬೇಕೇ ಬೇಕು. ಅದರ ಜೊತೆಗೆ ಇನ್ನು ಮೇಲೆ ಮೂರು ಪ್ರಶ್ನೆ ಕೇಳುವ ರೂಢಿ ಮಾಡಿಕೊಳ್ಳೋಣ ಎಂಬುದು ನಮ್ಮ ಬಿನ್ನಹ. ಆ ಮಕ್ಕಳ ಹೆಸರು, ಊರು ಬರೆದಿಟ್ಟುಕೊಂಡವರು ಯಾರಾದರೂ ಇದ್ದಾರೆಯೇ? ಅವರ ಭಾಷೆಯ ಒಂದು ಪುಸ್ತಕ ಅವರ ಕೈಗೆ ಸೇರುತ್ತದೆಯೇ? ನಾಳೆ ತಮ್ಮ ಕಾಲ ಮೇಲೆ ನಿಲ್ಲಲು ಒಂದು ಕಸುಬು ಕಲಿಯುತ್ತಾರೆಯೇ? ಹಣ ಕೊಡುವ ಮೊದಲು ಇಷ್ಟು ಕೇಳಿದರೆ ಸಾಕು. ನಮ್ಮ ದುಡ್ಡು ಚಿಕ್ಕದಾದರೂ ಹೋಗಬೇಕಾದಲ್ಲಿಗೆ ಹೋಗುತ್ತದೆ.